ಒಂದೂ ಗೋಲು ಹೊಡೆಯದ ಕುದುರಿ ಸಾಹೇಬರು

ಕುದುರಿ ಸಾಹೇಬರ ಹತ್ತು ಬೆರಳು ಹತ್ತು ಊರಿನ ದಾರಿ ತೋರಿಸುತ್ತಿದ್ದವು. ಎಡಗೈ ಕಿರುಬೆರಳು ಮಿರಜ ಕಡೆ ಹೊರಳಿದ್ದರೆ ಪಕ್ಕದ್ದು ಬುಧಗಾಂವ ಕಡೆ. ಬಲಗೈ ಹೆಬ್ಬೆರಳಂತೂ ಹಿಂದಕ್ಕೆ ಬಾಗಿ ಅವರ ಮೊಣಕೈಯನ್ನೇ ನೋಡುತ್ತಿತ್ತು. ಶನಿವಾರ ಅವರು ನಮ್ಮ ಅಂಗಡಿಗೆ ಬಂದರೆ ನಾನು ಮುಖ ನೋಡುತ್ತಿರಲಿಲ್ಲ, ಬೆರಳು ನೋಡುತ್ತಿದ್ದೆ.

ಆಗ ಸಾಂಗ್ಲಿ ಇನ್ನೂ ಸಂಸ್ಥಾನ. ನನಗೆ ಹನ್ನೊಂದು ವರ್ಷ. ಮರಾಠಿ ಸಾಲಿಗೆ ಎರಡು ವರ್ಷ ಹೋಗಿ ಬಿಟ್ಟಿದ್ದೆ. ಪೇಟೆಯಲ್ಲಿ ಅಪ್ಪನದು ಅರಿಷಿಣದ ಅಂಗಡಿ. ಸಾಹೇಬರು ಆಸ್ಟ್ರೇಲಿಯಾದಿಂದ ಹಡಗಿನಲ್ಲಿ ಕುದುರೆಗಳ ಜೊತೆ ಬಂದವರು. ಸಂಸ್ಥಾನದ ಲಾಯದಲ್ಲಿ ಕುದುರೆ ಪಳಗಿಸುವ ಕೆಲಸಕ್ಕೆ ಇಲ್ಲೇ ನಿಂತುಬಿಟ್ಟರು. ಕುದುರೆಯ ಗಾಯಕ್ಕೆ ಎಣ್ಣೆಯಲ್ಲಿ ಅರಿಷಿಣ ಕಲಸಿ ಹಚ್ಚುವುದನ್ನು ನಮ್ಮವರಿಂದ ಕಲಿತಿದ್ದರು, ಅದಕ್ಕೇ ವಾರಕ್ಕೊಮ್ಮೆ ಬರುವುದು. ಅವರ ಮಾತು ಮುಕ್ಕಾಲು ಹಿಂದೂಸ್ತಾನಿ, ಕಾಲು ಮರಾಠಿ. ಕನ್ನಡದಲ್ಲಿ ಬರುತ್ತಿದ್ದುದು ಕುದುರೆಗೆ ಅನ್ನುವ ‘ತಡಿ’ ಒಂದೇ. ನಾನು ಇಲ್ಲಿ ಎಲ್ಲಾ ನಮ್ಮ ಮಾತಿನಲ್ಲೇ ಬರೆದಿದ್ದೇನೆ.

ಒಂದು ಶನಿವಾರ ತಡೆಯಲಾರದೆ ಕೇಳಿದೆ.

“ಸಾಹೇಬ್ರ, ಬೆರಳ ಹೆಂಗ ಮುರದಾವ್ರಿ? ಕುದುರಿ ತುಳೀತೇನು?”

“ಕುದುರಿ ಅಲ್ಲ. ಚೆಂಡು.”

ಗಾದಿ ಮೇಲಿಂದ ಅಪ್ಪ ಗದರಿದ. “ಏ ಹುಡುಗಿ, ಗಿರಾಕಿಗೆ ಹಂಗ ಕೇಳ್ತಾರೇನು? ಒಳಗ ಹೋಗ.”

“ಕೇಳಲಿ ಬಿಡ್ರಿ ಸಾವಕಾರ್ರ. ಹನ್ನೆರಡು ವರ್ಷ ಆಡೇನಿ, ಈ ಊರಾಗ ಯಾರೂ ಕೇಳಿಲ್ಲ,” ಅಂದರು ಸಾಹೇಬರು.

ಅವರ ನಾಡಿನಲ್ಲಿ ಒಂದು ಚೆಂಡಿನಾಟ. ಚೆಂಡು ದುಂಡಗಿಲ್ಲ, ಸಿಪ್ಪೆ ಸುಲಿಯದ ತೆಂಗಿನಕಾಯಿ ಇದ್ದ ಹಾಗೆ. ಒಂದೊಂದು ಕಡೆ ಹದಿನೆಂಟು ಮಂದಿ. ಒದೆಯಬಹುದು, ಹಿಡಿಯಬಹುದು, ಮುಷ್ಟಿಯಿಂದ ಗುದ್ದಬಹುದು. ಬಯಲಿನ ಎರಡೂ ತುದಿಗೆ ನಾಲ್ಕು ನಾಲ್ಕು ಕಂಬ. ನಡುವಿನ ಸಂದಿಯಲ್ಲಿ ಒದ್ದರೆ ಗೋಲು, ಅದಕ್ಕೆ ಆರು ಅಂಕ. ಗುರಿ ತಪ್ಪಿ ಪಕ್ಕದ ಸಂದಿಯಲ್ಲಿ ಹೋದರೂ ಒಂದು ಅಂಕ ಉಂಟು. ತಪ್ಪಿದವನಿಗೂ ಕೊಡುವ ಆಟ ಎಂಥದ್ದೋ ಅಂದುಕೊಂಡೆ. ಮೇಲೆ ಆಡಿದ್ದಕ್ಕೆ ಪಗಾರ ಬೇರೆ.

“ನೀವು ಎಷ್ಟು ಗೋಲು ಹೊಡದೀರಿ?”

“ಒಂದೂ ಇಲ್ಲ.”

“ಹನ್ನೆರಡು ವರ್ಷದಾಗ?”

“ಹನ್ನೆರಡು ವರ್ಷದಾಗ.”

“ಮತ್ತ ಪಗಾರ ಯಾತಕ್ಕ ಕೊಟ್ರು?”

“ಆ ಕಡಿಯಾವ ಹೊಡೀಬಾರ್ದಂತ.”

ತಕ್ಕಡಿ ಹಿಡಿದು ಕೂತಿದ್ದ ನಮ್ಮ ಕಾಕಾ ನಕ್ಕುಬಿಟ್ಟ. ಅವನು ಅಪ್ಪನ ಒಬ್ಬನೇ ತಮ್ಮ, ಇನ್ನೂ ಮದುವೆ ಆಗಿರಲಿಲ್ಲ. “ಹಂಗಾರ ಹುತುತು ಆಡೂವಾಗ ದಮ್ಮು ಕಟ್ಟಿ ಬಂದಾಂವನ್ನ ಹಿಡಿಯಾಂವ ಇರ್ತಾನಲ್ಲ, ಅವನಂಗ. ಅವನ ಹೆಸರು ಯಾರು ಹೇಳ್ತಾರ್ರಿ ಸಾಹೇಬ್ರ?”

“ಯಾರೂ ಹೇಳೂದಿಲ್ಲ,” ಅಂದರು ಸಾಹೇಬರು. ಅದರಲ್ಲಿ ದುಃಖವೇನೂ ಕಾಣಲಿಲ್ಲ.

ಆಮೇಲೆ ಶನಿವಾರಕ್ಕೊಂದು ತುಣುಕಿನಂತೆ ಎಲ್ಲಾ ಕೇಳಿಸಿಕೊಂಡೆ. ಎದುರಿನವರಲ್ಲಿ ಎಲ್ಲರಿಗಿಂತ ಜೋರಾದವನು ಯಾರೋ ಅವನ ಬೆನ್ನಿಗೇ ಇವರು ನಿಲ್ಲಬೇಕು. ಚೆಂಡು ಆಕಾಶದಿಂದ ಇಳಿಯುವಾಗ ಅವನು ಹಿಡಿಯಲು ನೆಗೆಯುತ್ತಾನೆ. ಇವರು ಹಿಂದಿನಿಂದ ನೆಗೆದು ಚೆಂಡಿಗೆ ಗುದ್ದಿ ಹೊರಗೆ ಹಾರಿಸಬೇಕು. ಗುದ್ದು ಒಮ್ಮೊಮ್ಮೆ ಚೆಂಡಿಗೆ ಬೀಳುತ್ತಿತ್ತು, ಒಮ್ಮೊಮ್ಮೆ ಯಾರದೋ ತಲೆಗೆ. ಬೆರಳು ಹೋದದ್ದು ಹಾಗೆ. ಒಂದೇ ಒಂದು ಸಲ ಗೋಲಿನ ಆಸೆ ಹುಟ್ಟಿ ತಮ್ಮ ಜಾಗ ಬಿಟ್ಟು ಮುಂದೆ ಓಡಿದರಂತೆ. ಒದ್ದದ್ದು ಕಂಬಕ್ಕೆ ಬಡಿಯಿತು. ಇವರು ಹೊರಳಿ ನೋಡುವುದರೊಳಗೆ, ತಾವು ಕಾಯಬೇಕಾಗಿದ್ದ ಆ ಜೋರಿನವನು ಒಬ್ಬನೇ ನಿಂತು, ಚೆಂಡು ಹಿಡಿದು, ಗೋಲು ಹೊಡೆದು ಆಗಿತ್ತು. ಆಟ ಹೋಯಿತು. ಆಮೇಲೆ ಮೊಣಕಾಲು ಮುರಿಯುವವರೆಗೂ ಜಾಗ ಬಿಡಲಿಲ್ಲವಂತೆ.

“ಬಾಗಿಲದಾಗ ನಿಲ್ಲೂದೂ ಒಂದು ಕೆಲಸೇನ್ರಿ? ನಮ್ಮ ನಾಯೀನೂ ಮಾಡ್ತದ,” ಅಂದೆ.

ಸಾಹೇಬರು ಎದ್ದು, ನನ್ನನ್ನು ಓಣಿಗೆ ಕಳಿಸಿ, ಅಂಗಡಿಯ ಬಾಗಿಲಲ್ಲಿ ನಿಂತರು. “ನನ್ನ ದಾಟಿ ಒಳಗ ಹೋಗು, ನೋಡೂಣು.”

ನಾನು ಓಣಿಯಲ್ಲಿ ಎಲ್ಲರಿಗಿಂತ ಚುರುಕು. ಎಡಕ್ಕೆ ತೋರಿಸಿ ಬಲಕ್ಕೆ ನುಗ್ಗಿದೆ, ಬಲಕ್ಕೆ ತೋರಿಸಿ ಎಡಕ್ಕೆ. ಮೂರು ಸಲ ನೋಡಿದೆ, ಆಗಲಿಲ್ಲ. ಅವರು ನನ್ನನ್ನು ಮುಟ್ಟಲೂ ಇಲ್ಲ. ನಾನು ಹೋದಲ್ಲಿ ಮೊದಲೇ ಇರುತ್ತಿದ್ದರು.

“ಎಲ್ಲಿ ನೋಡ್ತೀರಿ ನೀವು?”

“ಸೊಂಟ. ಕಣ್ಣು ಸುಳ್ಳು ಹೇಳ್ತದ, ಕಾಲು ಸುಳ್ಳು ಹೇಳ್ತದ. ಸೊಂಟ ಹೋದ ಕಡೆನ ಮನಶ್ಯಾ ಹೋಗ್ತಾನ.”

ಹರಿಪುರದ ನದಿ ದಂಡೆಗೆ ನಮ್ಮ ಹಗೇವುಗಳಿದ್ದವು. ಹಗೇವು ಅಂದರೆ ನೆಲದೊಳಗಿನ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ಅರಿಷಿಣ ತುಂಬಿ ಕಲ್ಲು, ಮಣ್ಣು ಮುಚ್ಚಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ಆದರೆ ತೆಗೆದ ಕೂಡಲೇ ಇಳಿಯುವ ಹಾಗಿಲ್ಲ, ತಳದಲ್ಲಿ ಕೂತ ಗಾಳಿ ಜೀವ ತೆಗೆಯುತ್ತದೆ. ಬಾಯಿ ತೆರೆದು ಕಾಯಬೇಕು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಬೇಕು. ಕಂದೀಲು ಆರಿತೋ, ಅಂದು ಕೆಲಸ ಇಲ್ಲ.

ಆ ದಿನ ತೆಗೆದದ್ದು, ಹಿಂದೊಮ್ಮೆ ಅರ್ಧ ಖಾಲಿ ಮಾಡಿ ಮತ್ತೆ ಮುಚ್ಚಿದ್ದ ಹಗೇವು. ಹಗ್ಗ ಮಾತ್ರ ಹಗೇವು ತುಂಬಿದ್ದಾಗ ಅಳೆದು ಕತ್ತರಿಸಿದ್ದ ಹಳೆಯದು. ಅಪ್ಪ ಕಂದೀಲು ಇಳಿಸಿದ. ಹಗ್ಗ ಮುಗಿಯಿತು, ಕಂದೀಲು ತಳ ಮುಟ್ಟದೆ ಅರ್ಧಕ್ಕೇ ತೂಗಾಡುತ್ತ ಉರಿಯಿತು. ಅಪ್ಪ ಬೆಂಕಿ ನೋಡಿದ, ಹಗ್ಗ ನೋಡಲಿಲ್ಲ. “ದೀಪ ಉರಿಯಾಕತ್ತದ, ಇಳಿ,” ಅಂದ ಕಾಕಾನಿಗೆ. ನಾನು ರೊಟ್ಟಿ ಗಂಟು ಹಿಡಿದು ಅಲ್ಲೇ ನಿಂತಿದ್ದೆ.

ಕಾಕಾ ಕಂದೀಲು ದಾಟಿ ಕೆಳಗೆ ಹೋದ. ಒಂದು ಸಲ “ಅಣ್ಣಾ” ಅಂದ. ಆಮೇಲೆ ನಿದ್ದೆ ಬಂದವರ ಹಾಗೆ ಕೂತುಬಿಟ್ಟ.

ಅಪ್ಪ ರುಮಾಲು ಎಸೆದು ಹಗ್ಗಕ್ಕೆ ಕೈ ಹಾಕಿದ. ಇಬ್ಬರು ಹಮಾಲರು ಹಿಡಿದುಕೊಂಡರು. ಅಪ್ಪ ಹರೆಯದಲ್ಲಿ ಕುಸ್ತಿ ಆಡಿದವನು, ಇಬ್ಬರನ್ನೂ ಜಾಡಿಸಿ ಒಗೆದ. ನದಿಯಲ್ಲಿ ಕುದುರೆಗೆ ನೀರು ಕುಡಿಸುತ್ತಿದ್ದ ಸಾಹೇಬರು ಗದ್ದಲ ಕೇಳಿ ಕುಂಟುತ್ತ ಓಡಿ ಬಂದಿದ್ದರು. “ಇಳದಾಂವ ಬರೂದಿಲ್ಲ ಸಾಹೇಬ್ರ. ಹಿಂದ ಹೋದಾಂವನೂ ಬರೂದಿಲ್ಲ,” ಅಂದ ಹಮಾಲರ ಮುಕಾದಮ.

ಸಾಹೇಬರು ಅಪ್ಪನಿಗೂ ಹಗೇವಿನ ಬಾಯಿಗೂ ನಡುವೆ ನಿಂತರು.

“ತಡಿ,” ಅಂದರು, ಕುದುರೆಗೆ ಅನ್ನುವ ಹಾಗೆ.

ಅಪ್ಪ ಎಡಕ್ಕೆ ನುಗ್ಗಿದ, ಅಲ್ಲಿ ಸಾಹೇಬರು. ಬಲಕ್ಕೆ ನುಗ್ಗಿದ, ಅಲ್ಲೂ ಅವರೇ. “ಒಳಗ ನನ್ನ ತಮ್ಮ ಅದಾನೋ, ಸರಿಯೋ,” ಅಂತ ಅವರ ಬಾಯಿಗೆ ಗುದ್ದಿದ. ಹಲ್ಲು ಮುರಿದು ಅಂಗಿ ಮೇಲೆ ರಕ್ತ ಇಳಿಯಿತು. ಅವರು ಕೈ ಎತ್ತಲಿಲ್ಲ, ಒರೆಸಿಕೊಳ್ಳಲೂ ಇಲ್ಲ. ಅಪ್ಪನ ಸೊಂಟ ಬಿಟ್ಟು ಅವರ ಕಣ್ಣು ಕದಲಲಿಲ್ಲ. ಆ ಹೊತ್ತಿನಲ್ಲಿ ಹಮಾಲರು ಕಂಬಳಿ ಇಳಿಸಿ ಎತ್ತಿ ಒಳಗೆ ಗಾಳಿ ಆಡಿಸಿದರು. ಬಾವಿಗೆ ಬಿದ್ದ ಕೊಡ ತೆಗೆಯುವ ಪಾತಾಳಗರಡಿ ಬಿಟ್ಟರು. ಅದರ ಕೊಂಡಿ ಕಾಕಾನ ಧೋತರದ ನಡುಗಂಟಿಗೆ ಸಿಕ್ಕಿತು. ಮೇಲೆ ತಂದಾಗ ಉಸಿರು ಇರಲಿಲ್ಲ.

“ನನ್ನ ತಮ್ಮಗ ಅಡ್ಡ ನಿಂತಾಂವ. ಅಂವ ಅಂಗಡಿ ಮೆಟ್ಟಿಲ ಹತ್ತಬಾರದು,” ಅಂದ ಅಪ್ಪ. ಕಂದೀಲಿನ ಮಾತು ಮನೆಯಲ್ಲಿ ಯಾರೂ ಎತ್ತಲಿಲ್ಲ. ಅವ್ವ ಶನಿವಾರ ಅರಿಷಿಣದ ಪುಡಿಕೆ ಕಟ್ಟಿ ನನ್ನ ಕೈಯಲ್ಲಿ ಲಾಯಕ್ಕೆ ಕಳಿಸತೊಡಗಿದಳು. ಅವಳು ಕಟ್ಟುವಾಗ ಅಪ್ಪ ಗೋಡೆ ಕಡೆ ಹೊರಳಿ ಕೂಡುತ್ತಿದ್ದ.

ಲಾಯದಲ್ಲಿ ನಾನು ಬಿಡಲಿಲ್ಲ, ಕೇಳಿದೆ. “ಅಪ್ಪ ಇಳದಿದ್ರ ಕಾಕಾ ಉಳೀತಿದ್ನೇನ್ರಿ?”

ಸಾಹೇಬರು ಕುದುರೆಯ ಗೊರಸು ಕೆಳಗಿಟ್ಟರು. “ಗೊತ್ತಿಲ್ಲ.”

“ಗೊತ್ತಿಲ್ದ ಹೆಂಗ ತಡದ್ರಿ?”

“ಮೊದಲ ತಡೀಬೇಕು. ಗೊತ್ತಾಗೂದು ಆಮ್ಯಾಲೆ. ಒಮ್ಮೊಮ್ಮೆ ಆಮ್ಯಾಲೂ ಆಗೂದಿಲ್ಲ.”

ಎರಡು ವರ್ಷಕ್ಕೆ ಅವ್ವ ಮತ್ತೆ ಹಡೆದಳು, ಗಂಡುಕೂಸು. ಅದು ಅಂಬೆಗಾಲಿಡುವಾಗ ಕಂಕುಳಲ್ಲಿ ಎತ್ತಿಕೊಂಡು ಲಾಯಕ್ಕೆ ಹೋದೆ. “ಇಂವ ಆಮ್ಯಾಲೆ ಹುಟ್ಟಿದಾಂವ,” ಅಂದೆ. ಕೂಸು ಅವರ ಸೊಟ್ಟ ಕಿರುಬೆರಳು ಹಿಡಿದುಕೊಂಡಿತು. ಅವರು ಅದರ ಕಾಲು ನೋಡಿದರು.

“ಓಡ್ತಾನೇನು?”

“ಇನ್ನೂ ಇಲ್ರಿ. ಸಿಕ್ಕಲ್ಲಿ ಹರೀತಾನ.”

“ಹಂಗಾರ ಬಾಗಿಲದಾಗ ಯಾರರೆ ನಿಲ್ರಿ.”

ಸಂಸ್ಥಾನ ಹೋಗುವುದಕ್ಕೆ ಸ್ವಲ್ಪ ಮೊದಲು, ಒಂದು ಮಳೆಗಾಲ ಸಾಹೇಬರು ಜ್ವರದಲ್ಲಿ ತೀರಿಕೊಂಡರು. ಮಿರಜದಲ್ಲಿ ಹುಗಿದರು. ಮ್ಹೈಸಾಳಕ್ಕೆ ಮದುವೆ ಮಾಡಿ ಕೊಟ್ಟಿದ್ದ ನಾನು ಆಗ ತವರಿಗೆ ಬಂದಿದ್ದೆ. ಅಪ್ಪ ಅಂಗಡಿ ಮುಚ್ಚಲಿಲ್ಲ, ಮಣ್ಣಿಗೂ ಹೋಗಲಿಲ್ಲ. ಅಂದು ಗಾದಿ ಮೇಲೆ ಮಾತ್ರ ಕೂಡಲಿಲ್ಲ. ಬೆಳಗಿನಿಂದ ಸಂಜೆಯತನಕ ಬಾಗಿಲಲ್ಲಿ ನಿಂತಿದ್ದ. ಗಿರಾಕಿಗಳು ಪಕ್ಕದಿಂದ ನುಸುಳಿ ಹೋದರು. ಅಪ್ಪ ಆಮೇಲೂ ಮೂವತ್ತು ವರ್ಷ ಬದುಕಿದ.

ಆ ಕೂಸು ಈಗ ಮುದುಕ, ಅರಿಷಿಣದ ದಲಾಲ, ಹಟಮಾರಿ. ಮೊನ್ನೆ ಊಟಕ್ಕೆ ಕೂತಾಗ ಅವನಿಗೆ ಇದನ್ನೆಲ್ಲ ಮೊದಲಿಂದ ಹೇಳಿದೆ. ರೊಟ್ಟಿ ಮುರಿಯುತ್ತ ಕೇಳಿಸಿಕೊಂಡ. ಕಡೆಗೆ ಅವನೂ ಅದನ್ನೇ ಕೇಳಿದ.

“ಅಕ್ಕಾ, ಎಷ್ಟು ಗೋಲು ಹೊಡದಿದ್ರು ಅವರು?”

“ಒಂದೂ ಇಲ್ಲಪಾ,” ಅಂದೆ. “ಉಣ್ಣು.”