ಕಾದು ಎಂಟರ್ ಒತ್ತುತ್ತಿದ್ದ ಗುರುಪಾದಣ್ಣ

ಗುರುಪಾದಣ್ಣ ಕಂಪ್ಯೂಟರಿಗೆ ಒಂದು ಕಮಾಂಡ್ ಟೈಪ್ ಮಾಡಿದ ಮೇಲೆ ಎರಡೂ ಕೈ ತೆಗೆದು ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದರು, ಪಂಕ್ತಿಯಲ್ಲಿ ಕುಳಿತವರು ಬಡಿಸುವವರನ್ನು ಕಾಯುವ ಹಾಗೆ. ಆಮೇಲೆ ಪಕ್ಕಕ್ಕೆ ತಿರುಗಿ, "ಓದ್ರಿ ಅಕ್ಕಾರ, ಏನ್ ಬರದೀನಿ?" ಎನ್ನುವರು. ಪಕ್ಕದ ಮೇಜಿನವಳು ನಾನೇ. ನಾನು ಗಟ್ಟಿಯಾಗಿ ಓದಿದ ಮೇಲೆಯೇ ಎಂಟರ್ ಒತ್ತುವುದು.

ನಮ್ಮದು ಪುಣೆಯ ಸಣ್ಣ ಕಂಪನಿ. ಹಳ್ಳಿಗಳ ಹಾಲು ಸಂಗ್ರಹ ಕೇಂದ್ರಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಕ್ಯಾನು ತೂಕಕ್ಕಿಟ್ಟು ಒಂದಿಷ್ಟು ಹಾಲನ್ನು ಪರೀಕ್ಷೆಯ ಯಂತ್ರಕ್ಕೆ ಹಾಕಿದರೆ ಲೀಟರು, ಫ್ಯಾಟು ಎಷ್ಟೆಂದು ಪರದೆಯ ಮೇಲೆ ಮೂಡಿ ಚೀಟಿ ಹೊರಗೆ ಬರುತ್ತದೆ. ಹೊಸದಾಗಿ ಬರೆದದ್ದನ್ನು ಪರೀಕ್ಷಿಸುವುದು ನನ್ನ ಕೆಲಸ; ಪರೀಕ್ಷೆಯಾದದ್ದನ್ನು ಸರ್ವರಿಗೆ ಏರಿಸುವುದು ಗುರುಪಾದಣ್ಣನದು. ಅವರು ವಿಜಯಪುರದ ಕಡೆಯವರು. ಸೈನ್ಯದಲ್ಲಿ ಸಂದೇಶ ಕಳಿಸುವ ವಿಭಾಗದಲ್ಲಿದ್ದು ನಿವೃತ್ತರಾಗಿ ಪುಣೆ ಪಕ್ಕದ ದೇಹೂ ರೋಡಿನಲ್ಲೇ ನೆಲೆಸಿದ್ದರು. ಓದಿಸಿ ಕೇಳುವ ಅಭ್ಯಾಸ ಸೈನ್ಯದಿಂದ ಬಂದದ್ದು. ಲೋಕಲ್ ಟ್ರೇನಿನಲ್ಲಿ ಬರುವರು, ಡಬ್ಬಿಯಲ್ಲಿ ನನಗೂ ಸೇರಿಸಿ ಒಂದು ಹೆಚ್ಚಿನ ರೊಟ್ಟಿ ತರುವರು.

ಒಮ್ಮೆ ಅವರು ಹಳೆಯ ಫೈಲುಗಳನ್ನು ಅಳಿಸುವ ಕಮಾಂಡ್ ಬರೆದು ಓದಲು ಹೇಳಿದರು. ಕೆಲಸದ ಗಡಿಬಿಡಿಯಲ್ಲಿದ್ದ ನಾನು ಒಮ್ಮೆ ಕಣ್ಣು ಹಾಯಿಸಿ, "ಬರೋಬರ್ ಅದರಿ" ಎಂದೆ.

"ಅಕ್ಕಾರ, ನೀವು ನೋಡಿದ್ರಿ. ಓದಲಿಲ್ಲ."

ಬೇಸರದಿಂದಲೇ ಅಕ್ಷರ ಅಕ್ಷರ ಓದಿದೆ. ಪರೀಕ್ಷೆಯ ಸರ್ವರಿನ ಹೆಸರಿರಬೇಕಾದಲ್ಲಿ ಶಿರೂರಿನ ಕೇಂದ್ರಗಳು ನಡೆಯುತ್ತಿದ್ದ ಸರ್ವರಿನ ಹೆಸರಿತ್ತು! ಗುರುಪಾದಣ್ಣ ತಮ್ಮ ತಲೆಗೆ ತಾವೇ ಒಂದು ಮೊಟಕಿಕೊಂಡು, "ತಪ್ಪು ನಂದು, ಉಳಿಸಿದಾಕಿ ನೀವು. ನಾಳೆ ಶೇಂಗಾ ಹೋಳಿಗಿ ನನ್ ಕಡಿಂದ" ಎಂದು ನಕ್ಕರು. ಹೋಳಿಗೆ ಮರೆಯದೆ ತಂದರು.

ಕಚೇರಿಯ ಹುಡುಗರು ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರಗಳಷ್ಟೇ ಇರುತ್ತಿದ್ದ ಅವರ ಪರದೆಯನ್ನು ಕರಿ ಹಲಗೆ ಎಂದು ಚೇಷ್ಟೆ ಮಾಡುತ್ತಿದ್ದರು. "ಹಲಗಿ ಮ್ಯಾಲ ಬರದದ್ದು ಎಲ್ಲಾರಿಗೂ ಕಾಣ್ತದಪಾ. ನಿಮ್ಮ ಬಟನ್ ಒತ್ತಿದ್ರ ಒಳಗ ಏನಾತು ಅಂತ ನಿಮಗರೆ ಗೊತ್ತದ ಏನು?" ಎಂದು ಅವರ ಬಾಯಿ ಮುಚ್ಚಿಸುವರು.

ಆ ಬಟನ್ನಿನ ಕಾಲವೇ ಬಂತು. ನಮ್ಮ ಡೈರೆಕ್ಟರ್ ಸಾಹೇಬರಿಗೆ ಒಂದು ಕ್ಲೌಡ್ ಪ್ಲಾಟ್‌ಫಾರ್ಮ್ ಮನಸ್ಸಿಗೆ ಹಿಡಿಸಿತ್ತು. ಪ್ರೋಗ್ರಾಂ ಬರೆದವರು ಅದರಲ್ಲಿ ಹಾಕಿ ಒಂದು ಬಟನ್ ಒತ್ತಿದರೆ ಸರ್ವರಿನ ಕೆಲಸವನ್ನೆಲ್ಲ ಅದೇ ನೋಡಿಕೊಳ್ಳುತ್ತದೆ. ಅದನ್ನು ತೆಗೆದುಕೊಳ್ಳಬೇಕೋ, ಗುರುಪಾದಣ್ಣನ ಕಮಾಂಡುಗಳಲ್ಲೇ ಮುಂದುವರಿಯಬೇಕೋ? ಎರಡನ್ನೂ ಹೋಲಿಸಿ ಪಟ್ಟಿ ಮಾಡಲು ನನಗೆ ಹೇಳಿದರು. "ಲವಕರ್ ದ್ಯಾ" ಎಂದರು. ಬೇಗ ಬೇಕಿತ್ತು ಅವರಿಗೆ.

ಒಂದೇ ಬದಲಾವಣೆಯನ್ನು ಎರಡೂ ರೀತಿಯಲ್ಲಿ ಮಾಡಿಸಿ ನೋಡಿದೆ. ಪ್ಲಾಟ್‌ಫಾರ್ಮಿನಲ್ಲಿ ಮೂರು ನಿಮಿಷ. ಗುರುಪಾದಣ್ಣನಿಗೆ ಪಟ್ಟಿಯ ವಿಷಯ ಹೇಳಲಿಲ್ಲ, ಸುಮ್ಮನೆ ಪಕ್ಕದಲ್ಲಿ ಕುಳಿತೆ. ಕಮಾಂಡು ಬರೆದು, ನನ್ನಿಂದ ಓದಿಸಿ, ಫೋನ್ ತೆಗೆದುಕೊಂಡು ಬಾರಾಮತಿ ಹತ್ತಿರದ ಕೇಂದ್ರದ ಹೆಂಗಸಿಗೆ ಮರಾಠಿಯಲ್ಲಿ, "ಮಾವಶಿ, ಲೈನ್ ಸಂಪಲೀ ಕಾ?" ಎಂದು, ಸಾಲು ಮುಗಿಯಿತೇ ಎಂದು ಕೇಳಿದರು. ಹಾಲು ಹಾಕುವವರ ಸಾಲು ಇನ್ನೂ ಮುಗಿದಿರಲಿಲ್ಲ. ಕಾದರು. ಮತ್ತೆ ಫೋನು, ಮತ್ತೆ ಕಾಯುವುದು. "ಮಂದಿ ಕ್ಯಾನ್ ಹಿಡಕೊಂಡು ನಿಂತಾಗ ಮಷೀನ್ ಬಂದ್ ಮಾಡಬಾರದ್ರಿ" ಎಂದರು, ನಾನು ಕೇಳದಿದ್ದರೂ. ಎಲ್ಲ ಮುಗಿಯಲು ನಲವತ್ತು ನಿಮಿಷ. ಅದರಲ್ಲಿ ಕೆಲಸದ್ದು ಆರು ನಿಮಿಷ. ಉಳಿದದ್ದು ಆ ಸಾಲಿನದು. ನನ್ನ ಚೀಟಿಯಲ್ಲಿ ಎರಡನ್ನೂ ಬೇರೆ ಬೇರೆ ಗುರುತು ಹಾಕಿಕೊಂಡಿದ್ದೆ.

ಪಟ್ಟಿಯಲ್ಲಿ ಮಾತ್ರ "ಮೂರು ನಿಮಿಷ" ಎಂಬುದರ ಎದುರಿಗೆ "ನಲವತ್ತು ನಿಮಿಷ" ಎಂದು ಬರೆದೆ. ಸಾಹೇಬರಿಗೆ ಬೇಕಾದ ಉತ್ತರ ಯಾವುದೆಂದು ತಿಳಿದಿತ್ತು, ವಿವರಿಸಲು ಹೋದರೆ ಮಾತು ಬೆಳೆಯುತ್ತಿತ್ತು. ಪ್ಲಾಟ್‌ಫಾರ್ಮ್ ಆರಿಸಿದ್ದು ತಪ್ಪೆಂದು ನಾನು ಇಂದಿಗೂ ಹೇಳಲಾರೆ. ಗುರುಪಾದಣ್ಣ ಜ್ವರ ಬಂದು ಮಲಗಿದರೆ ನಮ್ಮ ಕೆಲಸವೆಲ್ಲ ನಿಲ್ಲುತ್ತಿದ್ದುದು ನಿಜ. ಆದರೆ ಆ ಪಟ್ಟಿ ನೋಡಿ ಸಾಹೇಬರು ಅವರನ್ನು ನಿಧಾನದ ಮನುಷ್ಯ ಎಂದು ತೀರ್ಮಾನಿಸಿದರು, ಅವರ ಕಾಂಟ್ರ್ಯಾಕ್ಟ್ ಮುಂದುವರಿಸಲಿಲ್ಲ. ಹೋಗುವ ದಿನವೂ ಅವರ ಡಬ್ಬಿಯಲ್ಲಿ ನನ್ನ ರೊಟ್ಟಿ ಇತ್ತು. ತಿಂದೆ.

ಮುಂದೊಂದು ದಿನ ಬೆಳಿಗ್ಗೆ, ಹಾಲಿನ ಹೊತ್ತಿನಲ್ಲೇ ಒಬ್ಬರು ಬಟನ್ ಒತ್ತಿದರು. ತೂಕದ ಪರದೆಗಳು ಸ್ವಲ್ಪ ಹೊತ್ತು ಖಾಲಿಯಾದವು. ಫೋನೆತ್ತಿದರೆ ಆ ಮಾವಶಿ, "ಅಣ್ಣಾ ಕುಠೇ?" ಎಂದಳು. ಅಣ್ಣ ಎಲ್ಲಿ ಎಂದು ಕೇಳಿದ್ದು.

ಆ ವಾರವೇ ಗುರುಪಾದಣ್ಣ ಫೋನ್ ಮಾಡಿ ಮನೆಗೆ ಕರೆದರು. ದೇಹೂ ರೋಡಿನ ಒಂದು ಶಾಲೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ಖಾಲಿ ಇತ್ತಂತೆ. "ಅವ್ರು ನಮ್ಮ ಆಫೀಸಿಗೆ ಕೇಳ್ಯಾರ. ಆಫೀಸ್ನವ್ರು ನನ್ ಕೆಲಸ ಭಾಳ ನಿಧಾನ ಅಂತ ಹೇಳಿ ಕಳಸ್ಯಾರ. ಯಾರು ಟೈಮ್ ಅಳದ್ರೋ ಏನೋ. ನೀವು ಬಾಜೂಕ ಕೂತು ನೋಡೀರಿ ಅಕ್ಕಾರ, ಖರೇದ್ದು ಒಂದು ಚೀಟಿ ಬರದು ಕೊಡ್ರಿ."

ಹೋದೆ. ಅವರ ಹೆಂಡತಿ ಚಹಾ ತಂದಿಟ್ಟರು. ನಾನು ಬರೆದೆ: ಒಂದು ಬದಲಾವಣೆಯನ್ನು ಸರ್ವರಿಗೆ ಏರಿಸಲು ಇವರಿಗೆ ಹಿಡಿದದ್ದು ಆರು ನಿಮಿಷ, ಉಳಿದ ಮೂವತ್ತನಾಲ್ಕು ನಿಮಿಷ ಇವರು ಬೇರೆಯವರಿಗೆ ತೊಂದರೆಯಾಗದಿರಲೆಂದು ಕಾದದ್ದು.

ಗುರುಪಾದಣ್ಣ ಓದಿದರು. ಕನ್ನಡಕ ತೆಗೆದರು.

"ಆರು ನಿಮಿಷ ಅಂತ ನಿಮಗ ಹ್ಯಾಂಗ ಗೊತ್ರಿ?"

"ಬರಕೊಂಡಿದ್ದೆ ಅಣ್ಣಾರ. ಆ ಪಟ್ಟಿ ಮಾಡಿದಾಕಿ ನಾನ."

ಒಳಗೆ ಕುಕ್ಕರ್ ಕೂಗಿತು. ಅವರು ಕನ್ನಡಕ ಹಾಕಿಕೊಂಡು ಚೀಟಿಯನ್ನು ಇನ್ನೊಮ್ಮೆ ಓದಿದರು.

"ಹಂಗಾರ ನಿಮಗ ಗೊತ್ತಿತ್ತು" ಎಂದರು.

ಬೈಯಲಿಲ್ಲ. ಬೈದಿದ್ದರೆ ಬಾಗಿಲ ತನಕವಾದರೂ ತಲೆ ಎತ್ತಿ ನಡೆಯುತ್ತಿದ್ದೆನೋ ಏನೋ. ಅವರು ಚೀಟಿ ಮಡಚಿ ಜೇಬಿಗಿಟ್ಟುಕೊಂಡು, ನನ್ನ ಜೊತೆ ಸ್ಟೇಷನ್ನಿನ ತನಕ ಬಂದು, ಟ್ರೇನು ಹೊರಡುವವರೆಗೆ ನಿಂತೇ ಇದ್ದರು.

ಮರುದಿನ ಸಾಹೇಬರಿಗೆ ಪಟ್ಟಿಯ ತಪ್ಪು ಹೇಳಿದೆ. "ಆತಾ ಕಶಾಲಾ?" ಎಂದರು, ಈಗ್ಯಾಕೆ ಎಂದು. ಶಾಲೆಯವರು ಗುರುಪಾದಣ್ಣನನ್ನು ತೆಗೆದುಕೊಂಡರೆಂದು ಬೇರೆಯವರಿಂದ ತಿಳಿಯಿತು. ನನ್ನ ಚೀಟಿ ತೋರಿಸಿದರೋ ಇಲ್ಲವೋ ಕೇಳುವ ಧೈರ್ಯ ನನಗಿಲ್ಲ. ಹಬ್ಬಕ್ಕೆ ಫೋನ್ ಮಾಡಿದೆ. ಎರಡನೆಯ ರಿಂಗಿಗೇ ಎತ್ತಿದರು.

"ಆರಾಮ ಅದೀರೇನ್ರಿ ಅಣ್ಣಾರ?"

"ಆರಾಮ ಅದೀನ್ರಿ, ಮೇಡಂ" ಎಂದರು.