ಕಮಲಾಪುರದಲ್ಲಿ ಕೆಮ್ಮುವ ಕಾರು

ಆ ಕಾರು ಕಮಲಾಪುರದಲ್ಲಿ ಕೆಮ್ಮುತ್ತಿತ್ತು, ಕಲಬುರಗಿಯ ನನ್ನ ಶೆಡ್ಡಿಗೆ ಬಂದು ಸ್ವಲ್ಪ ಹೊತ್ತು ನಿಂತರೆ ನೆಟ್ಟಗಾಗಿಬಿಡುತ್ತಿತ್ತು. ಎರಡು ತಿಂಗಳು ಇದೇ ಆಟ. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಮೋಮಿನಪುರದ ಅಂಚಿನಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ನಾನು ಸ್ವಂತ ಗ್ಯಾರೇಜು ನಡೆಸುತ್ತಿದ್ದೆ. ಕಾರ್ಬೊರೇಟರ್ ಗಾಡಿಯಾದರೆ ಓಣಿಯ ತಿರುವಿನಲ್ಲಿರುವಾಗಲೇ ಸದ್ದು ಕೇಳಿ ರೋಗ ಹೇಳುತ್ತಿದ್ದೆ. ಆ ಸೊಕ್ಕು ನನಗಿತ್ತು, ಇಲ್ಲವೆನ್ನುವುದಿಲ್ಲ.

ಈ ಕಾರು ಮಾತ್ರ ಇಂಜೆಕ್ಷನ್ ಗಾಡಿ. ಇದರಲ್ಲಿ ಕಾರ್ಬೊರೇಟರ್ ಇಲ್ಲ; ಪೆಟ್ರೋಲು ಎಷ್ಟು ಬಿಡಬೇಕೆಂದು ಒಂದು ಕಂಪ್ಯೂಟರ್ ಪೆಟ್ಟಿಗೆ ನಿರ್ಧರಿಸುತ್ತದೆ. ಏಳೆಂಟು ವರ್ಷ ಹಳೆಯ, ಸೆಕೆಂಡ್ ಹ್ಯಾಂಡ್ ಗಾಡಿ. ಕೊಂಡವರು ಕಮಲಾಪುರದ ಒಬ್ಬ ಟೀಚರ್. ಕಲಬುರಗಿಯ ಸೇಡಂ ರಸ್ತೆಯ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಗಂಡನಿಗೆ ಬೇರೆ ಊರಿನಲ್ಲಿ ನೌಕರಿ, ಮನೆಯಲ್ಲಿ ಮಾವನದೇ ಮಾತು. ಅಂಥದ್ದರಲ್ಲಿ ತಮ್ಮ ಸಂಬಳದಲ್ಲಿ ತಾವೇ ಕಾರು ಕೊಂಡು, ದಿನಾ ಒಬ್ಬರೇ ಓಡಿಸಿಕೊಂಡು ಬರುತ್ತಿದ್ದರು. ಹೆದ್ದಾರಿಯ ಟೆಂಪೊದವರೂ ಕತ್ತು ಹೊರಳಿಸಿ ನೋಡುವ ಕಾಲ ಅದು.

ಥಂಡಿ ಶುರುವಾಗುತ್ತಲೇ ತಕರಾರೂ ಶುರುವಾಯಿತು.

"ನಿಂದ್ರಿಸಿದ್ರ ಗಾಡಿ ಗಡಗಡ ನಡುಗತದರಿ. ಹಸಿ ಪೆಟ್ರೋಲ್ ವಾಸನಿ, ಕಣ್ಣು ಉರಿತಾವ" ಎಂದರು. ಓಡುವಾಗ ಅಷ್ಟಾಗಿ ಗೊತ್ತಾಗುವುದಿಲ್ಲವಂತೆ.

ಪ್ಲಗ್ಗು ಬಿಚ್ಚಿದರೆ ದೀಪದ ಕಾಡಿಗೆ ಬಳಿದಂತೆ ಕಪ್ಪು. ಐಡ್ಲಿಂಗಿನಲ್ಲಿ, ಅಂದರೆ ಗಾಡಿ ನಿಂತು ಇಂಜಿನ್ ಮಾತ್ರ ಓಡುವಾಗ, ಪೆಟ್ರೋಲು ಅಗತ್ಯಕ್ಕಿಂತ ಹೆಚ್ಚು ಬೀಳುತ್ತಿದೆ ಎಂಬುದು ಖಾತ್ರಿ. ಯಾಕೆ ಎಂಬುದೇ ಗೊತ್ತಿಲ್ಲ. ಏರ್ ಫಿಲ್ಟರ್ ಬದಲಿಸಿದೆ. ಪೆಟ್ರೋಲು ಚಿಮ್ಮುವ ಇಂಜೆಕ್ಟರುಗಳನ್ನು ತೊಳೆಸಿದೆ. ಸಣ್ಣ ರಬ್ಬರ್ ಪೈಪುಗಳನ್ನೆಲ್ಲ ಒಂದೊಂದಾಗಿ ಹಿಂಡಿ ನೋಡಿದೆ. ಇಂಜಿನ್ ಎಷ್ಟು ಬಿಸಿಯಾಗಿದೆ ಎಂದು ಕಂಪ್ಯೂಟರಿಗೆ ತಿಳಿಸುವ ಸೆನ್ಸರ್ ಒಂದಿರುತ್ತದೆ. ಅದೇ ಸುಳ್ಳು ಹೇಳುತ್ತಿರಬೇಕೆಂದು ಹೈದರಾಬಾದಿನಿಂದ ಹೊಸದು ತರಿಸಿ ಹಾಕಿದೆ. ಟೀಚರ್ ಮಧ್ಯಾಹ್ನದ ಬಿಡುವಿನಲ್ಲಿ ಗಾಡಿ ತಂದು ನಿಲ್ಲಿಸುತ್ತಿದ್ದರು. ಇಂಜಿನ್ ಚಾಲೂ ಇಟ್ಟು ನಾನು ಚಾ ಕುಡಿದು ಬರುವಷ್ಟರಲ್ಲಿ ಅದು ಹಾಲುಂಡ ಕೂಸಿನಂತೆ ಸುಮ್ಮನಿರುತ್ತಿತ್ತು. ಮರುದಿನ ಬೆಳಿಗ್ಗೆ ಮತ್ತೆ ಫೋನು.

ಕೈ ಸೋತಾಗ ಬಾಯಿ ಉದ್ದವಾಗುತ್ತದಲ್ಲ, ನನಗೂ ಹಾಗೇ ಆಯಿತು. "ಟೀಚರ್‌ರೀ, ಸ್ಟಾರ್ಟ್ ಮಾಡುವಾಗ ಎಕ್ಸಲೇಟರ್ ಒತ್ತತೀರಿ ನೀವು. ಕಾಲು ಹಗುರ ಇಡ್ರಿ" ಎಂದುಬಿಟ್ಟೆ.

"ನಾ ಕಾಲೇ ಇಡಂಗಿಲ್ಲರಿ" ಎಂದರು.

ನಾನು ನಕ್ಕೆ. ಆ ನಗೆ ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ನನ್ನ ಮಾತು ಹೇಗೋ ಅವರ ಮಾವನ ಕಿವಿಗೆ ಬಿತ್ತು. ಮಿಸ್ತ್ರಿಯೇ ಹೇಳಿದ ಮೇಲೆ ಇನ್ನೇನು, ಹೆಣ್ಣುಮಕ್ಕಳ ಕೈಗೆ ಗಾಡಿ ಕೊಟ್ಟರೆ ಹೀಗೇ ಎಂದು ಅವರು ಗಾಡಿ ಮಾರಿಬಿಡಲು ಹುಮನಾಬಾದಿನ ಒಬ್ಬ ದಲಾಲನನ್ನು ಕರೆಸಲು ನಿಶ್ಚಯಿಸಿದರು. ಐತವಾರ ಬಂದು ನೋಡಿ ಅವನು ಗಾಡಿ ಒಯ್ಯುವವನು.

ಶನಿವಾರ ಟೀಚರ್ ಶೆಡ್ಡಿನ ಬಾಗಿಲಲ್ಲಿ ನಿಂತು ಹೇಳಿದರು. "ಈ ಗಾಡಿ ಹೋದ್ರ ನಮ್ಮ ಮನ್ಯಾಗ ನನ್ನ ಕೈಗೆ ಮತ್ತೊಂದು ಗಾಡಿ ಬರಂಗಿಲ್ಲರಿ, ಅಣ್ಣಾರ."

ಅಷ್ಟೇ ಅಂದದ್ದು. ಐತವಾರ ಮೊದಲ ಬಸ್ಸಿಗೇ ಕಮಲಾಪುರಕ್ಕೆ ಹೊರಟೆ. ರೋಗವಿರುವುದು ಅಲ್ಲಿ, ನಾನು ನೋಡುತ್ತಿರುವುದು ಇಲ್ಲಿ ಎಂಬ ಬುದ್ಧಿ ಆವರೆಗೆ ಬಂದಿರಲಿಲ್ಲ.

ಹೊಲಗಳ ಮೇಲೆ ಇನ್ನೂ ಮಂಜು. ಟೀಚರ್ ಸ್ವೆಟರ್ ಹಾಕಿಕೊಂಡು ಗಾಡಿ ತೆಗೆದರು. ನಾನು ಪಕ್ಕದಲ್ಲಿ ಕುಳಿತು ಅವರ ಪಾದವನ್ನೇ ನೋಡುತ್ತಿದ್ದೆ. ಚಾವಿ ತಿರುಗಿಸುವಾಗ ಎಕ್ಸಲೇಟರ್ ಮೇಲೆ ಕಾಲು ಇರಲೇ ಇಲ್ಲ. ಮಹಾಗಾಂವ ಕ್ರಾಸಿನವರೆಗೆ ಗಾಡಿ ಹದವಾಗಿ ಓಡಿತು. ಚಾದ ಹೋಟೆಲ್ ಮುಂದೆ ನಿಲ್ಲಿಸಿದ್ದೇ ತಡ, ಗಡಗಡ ಶುರು. ಹಿಂದಿನಿಂದ ಕಪ್ಪು ಹೊಗೆ, ಮೂಗಿಗೆ ರಪ್ಪನೆ ಪೆಟ್ರೋಲು. ಕೊನೆಗೂ ಸಿಕ್ಕಿಬಿದ್ದೆಯಾ ಮಗನೆ ಎಂದು ನನಗೆ ಕುಣಿಯುವಷ್ಟು ಖುಷಿ!

"ಈ ಮುಳ್ಳು ನೋಡ್ರಿ" ಎಂದರು ಟೀಚರ್. ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ತಳದಲ್ಲಿ ಮಲಗಿತ್ತು. "ಥಂಡಿ ಶುರು ಆದಾಗಿಂದ ಎದ್ದೇ ಇಲ್ಲ. ನಿಮಗ ಹೇಳಿದ್ದೆ. ಇಂಜಿನ್ ಕಾಯಂಗಿಲ್ಲ, ಛಲೋನೇ ಆಯ್ತು ಅಂದಿದ್ರಿ."

ಹೌದು, ಅಂದಿದ್ದೆ. ಹೆಮ್ಮೆಯಿಂದ ಅಂದಿದ್ದೆ. ಧಡಕ್ಕನೆ ಇಳಿದು ಬಾನೆಟ್ ಎತ್ತಿ, ಇಂಜಿನ್ನಿನಿಂದ ರೇಡಿಯೇಟರಿಗೆ ನೀರು ಹೋಗುವ ದಪ್ಪ ಪೈಪಿನ ಮೇಲೆ ಅಂಗೈ ಇಟ್ಟೆ. ಅಷ್ಟು ದೂರ ಓಡಿ ಬಂದ ಗಾಡಿ; ಕೈ ಸುಟ್ಟುಹೋಗಬೇಕಿತ್ತು. ಉಗುರುಬೆಚ್ಚಗಿತ್ತು, ಎಳೆಗೂಸಿಗೆ ಸ್ನಾನ ಮಾಡಿಸಬಹುದಾದಷ್ಟು.

"ಸಿಕ್ತು! ಸಿಕ್ತು!" ಎಂದು ಚೀರಿದೆ. ಹೋಟೆಲಿನಲ್ಲಿದ್ದವರೆಲ್ಲ ಚಾದ ಬಶಿ ಹಿಡಿದುಕೊಂಡೇ ಎದ್ದು ನೋಡಿದರು. ಸೆನ್ಸರ್ ಸುಳ್ಳು ಹೇಳಿರಲಿಲ್ಲ. ಹಳೆಯದೂ ಖರೆ ಹೇಳಿತ್ತು, ಹೊಸದೂ ಖರೆ ಹೇಳುತ್ತಿತ್ತು.

ಟೀಚರ್ ನನಗಿಂತ ಚುರುಕು. "ಇಂಜಿನ್ ಇನ್ನೂ ಕಾದಿಲ್ಲ ಅಂತ ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಬಿಡ್ಲಾಕತ್ತದ, ಹೌದಲ್ರಿ? ನಿಮ್ಮ ಶೆಡ್ಡಿನ್ಯಾಗ ಬಿಸಿಲಿಗೆ ನಿಂತು ಕಾಯ್ತದ, ಅದಕ್ಕ ಅಲ್ಲಿ ನೆಟ್ಟಗಿರತದ!"

"ಶಾಭಾಷ್!" ಎಂದೆ.

"ಮತ್ತ ಓಡುವಾಗ ಯಾಕ ಕಾಯಂಗಿಲ್ಲ?"

ಅದರ ಉತ್ತರ ನನಗೆ ಗೊತ್ತಿತ್ತು. ಇಂಜಿನ್ನಿನ ನೀರಿನ ದಾರಿಯಲ್ಲಿ ಥರ್ಮೋಸ್ಟಾಟ್ ಎಂಬ ಸಣ್ಣ ವಾಲ್ವು ಇರುತ್ತದೆ. ಇಂಜಿನ್ ಕಾಯುವವರೆಗೆ ಮುಚ್ಚಿಕೊಂಡಿದ್ದು ಆಮೇಲೆ ತೆರೆಯುತ್ತದೆ. ಅದಿಲ್ಲದಿದ್ದರೆ ನೀರು ಸದಾ ರೇಡಿಯೇಟರಿನಲ್ಲಿ ಸುತ್ತಿ, ಓಡುವಾಗಿನ ಥಂಡಿ ಗಾಳಿಗೆ ಇಂಜಿನ್ ಕಾಯುವುದೇ ಇಲ್ಲ. ನನಗೆ ಕೆಲಸ ಕಲಿಸಿದ ಉಸ್ತಾದರು ಬೇಸಿಗೆ ಹತ್ತಿರ ಬಂದರೆ ಗ್ಯಾರೇಜಿಗೆ ಬಂದ ಪ್ರತಿ ಗಾಡಿಯಿಂದಲೂ ಅದನ್ನು ಕಿತ್ತು ಎಸೆಯುತ್ತಿದ್ದರು. "ಅರೆ ಬೇಟಾ, ಇದು ಥಂಡಿ ಮುಲುಕದವರ ಸಾಮಾನು. ಕಲಬುರಗಿ ಬಿಸಿಲಿಗೆ ಇದ್ಯಾಕ?" ಎನ್ನುತ್ತಿದ್ದರು. ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಅದು ಯುಗಾದಿಗೆ ಮನೆಗೆ ಸುಣ್ಣ ಬಳಿದಷ್ಟು ಸಹಜ. ಕಾರ್ಬೊರೇಟರ್ ಗಾಡಿಗಳು ತಕರಾರಿಲ್ಲದೆ ಓಡಿದವು. ಹೋದ ಬೇಸಿಗೆಯಲ್ಲಿ ಈ ಕಾರು ಮೊದಲ ಸಲ ಸರ್ವಿಸಿಗೆ ಬಂದಾಗ, ಯಾರನ್ನೂ ಕೇಳದೆ, ಇದರ ವಾಲ್ವನ್ನು ಕಿತ್ತವನು ನಾನೇ.

"ತಡೀರಿ, ಮೊದ್ಲು ಪರೀಕ್ಷಾ ಮಾಡೋಣು" ಎಂದು ಜಾರಿಕೊಂಡೆ. ಹೋಟೆಲಿನವರಿಂದ ಬಿಸ್ಕೀಟಿನ ರಟ್ಟಿನ ಡಬ್ಬಿ ಇಸಿದುಕೊಂಡು, ಹರಿದು, ರೇಡಿಯೇಟರಿನ ಮುಂದೆ ತಣ್ಣನೆ ಗಾಳಿ ತಾಗದಂತೆ ಸಿಕ್ಕಿಸಿದೆ. ಕಮಲಾಪುರದ ಕಡೆ ತಿರುಗಿದೆವು. ನಾನು ರಸ್ತೆ ನೋಡಲಿಲ್ಲ, ಟೀಚರೂ ಅರ್ಧ ರಸ್ತೆ ನೋಡಿರಬೇಕು. ಮುಳ್ಳು ಅಲುಗಿತು. ಎದ್ದಿತು. ನಡುವಿಗೆ ಬಂದು ನಿಂತಿತು! ಊರ ಹೊರಗೆ ನಿಲ್ಲಿಸಿದಾಗ ಇಂಜಿನ್ ಚಾಲೂ ಇದೆಯೋ ಇಲ್ಲವೋ ಎಂದು ಕಿವಿಗೊಟ್ಟು ಕೇಳಬೇಕಾಯಿತು. ಟೀಚರ್ ಇಳಿದು ಸೈಲೆನ್ಸರ್ ಹತ್ತಿರ ಬಗ್ಗಿ ಮೂಸಿ ನೋಡಿ, ಶಾಲೆಯ ಹುಡುಗಿಯಂತೆ ಚಪ್ಪಾಳೆ ತಟ್ಟಿದರು.

ಮನೆಯ ಅಂಗಳದಲ್ಲಿ ಮಾವನವರು, ಪಕ್ಕದ ಕುರ್ಚಿಯಲ್ಲಿ ದಲಾಲ. ಗಾಡಿ ಮುಂದೆ ನಿಂತು ಸಣ್ಣಗೆ ಗುನುಗುತ್ತಿತ್ತು. ಮಾವನವರು ಕಿವಿಗೊಟ್ಟು ಕೇಳಿ, ಟವೆಲು ಹೆಗಲಿಗೆ ಹಾಕಿಕೊಂಡರು.

"ಇವತ್ತು ಮಿಸ್ತ್ರಿ ಕೂತಾನ, ನೆಟ್ಟಗ ಬಂದದ. ನಾಳಿ ಈಕಿ ಒಬ್ಬಾಕಿನೇ ಓಡಿಸಿದ್ರ ಮತ್ತ ಅದೇ ರಾಮಾಯಣ. ಒಯ್ರಿ ನೀವು" ಎಂದು ದಲಾಲನಿಗೆ ಹೇಳಿದರು.

ಟೀಚರ್ ನನ್ನ ಕಡೆ ನೋಡಿದರು. ದಲಾಲ ಕಲಬುರಗಿಯಿಂದ ಬೀದರದವರೆಗೆ ಗ್ಯಾರೇಜು ಗ್ಯಾರೇಜು ಸುತ್ತುವವನು. ಇಲ್ಲಿ ಆಡಿದ ಮಾತು ಸಂಜೆಗೆ ಎಲ್ಲ ಶೆಡ್ಡುಗಳನ್ನೂ ಮುಟ್ಟುತ್ತದೆಂದು ನನಗೆ ಗೊತ್ತಿತ್ತು.

"ಕಾಕಾರ, ತಪ್ಪು ಟೀಚರದ್ದಲ್ಲರಿ" ಎಂದೆ. "ಇದರ ವಾಲ್ ನಾ ಕಿತ್ತೀನಿ. ಅದಕ್ಕೇ ಇಷ್ಟೆಲ್ಲಾ ಆಗ್ಯಾದ. ಅವರು ಕಾಲು ಒತ್ತತಾರ ಅಂದಿದ್ದೂ ಸುಳ್ಳು. ಇವತ್ತ ಕಣ್ಣಾರೆ ನೋಡೀನಿ."

"ನೀನೇ ಕೆಡಿಸಿ ಆಕಿ ಮ್ಯಾಲ ಹಾಕಿದ್ದಿ?"

"ಹೌದ್ರಿ."

ಮಾವನವರು ದಲಾಲನ ಕಡೆ ತಿರುಗಿ, "ಗಾಡಿ ಕೊಡಂಗಿಲ್ರಿ. ಚಾ ಕುಡದು ಹೋಗ್ರಿ" ಎಂದು ಒಳಗೆ ನಡೆದರು. ಟೀಚರ್ ಚಾವಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದರು. ಬೈಯುತ್ತಾರೆ, ಇಲ್ಲವೆ ಉಪಕಾರವಾಯಿತು ಎನ್ನುತ್ತಾರೆ ಎಂದು ನಾನು ಕಾದೆ. ಎರಡೂ ಅನ್ನಲಿಲ್ಲ.

"ಇನ್ನೂ ಯಾರ್ಯಾರ ಇಂಜೆಕ್ಷನ್ ಗಾಡಿದು ಕಿತ್ತೀರಿ, ಅಣ್ಣಾರ?" ಎಂದು ಕೇಳಿದರು.

ನಾನು ಬೆರಳು ಮಡಚತೊಡಗಿದೆ. ಅವರಲ್ಲಿ ಒಬ್ಬೊಬ್ಬರಿಗೂ ಕಾಲು ಹಗುರ ಇಡಿ ಎಂದು ಹೇಳಿ ಕಳಿಸಿದ್ದೆ.