ಮಗ್ಗ ನಿಂತ ಮಧ್ಯಾಹ್ನ ನಾನು ಸತ್ತದ್ದು

ನಾನು ಸತ್ತಿರಲಿಲ್ಲ. ಮಗ ಮೊಬೈಲಿನ ಬಗ್ಗೆ ಮಾತಾಡಲಿಕ್ಕೆಂದು ಮನೆಯ ಎರಡೂ ಮಗ್ಗ ಬಂದ್ ಮಾಡಿದ್ದ, ನಡೆದದ್ದು ಇಷ್ಟೇ. ಉಳಿದದ್ದೆಲ್ಲ ಓಣಿಯವರು ಸೇರಿಸಿದ್ದು.

ಬನಹಟ್ಟಿ ಗೊತ್ತಿಲ್ಲದವರಿಗೆ ಇದನ್ನು ಬಿಡಿಸಿ ಹೇಳಬೇಕು. ನಮ್ಮ ಓಣಿಯಲ್ಲಿ ಮನೆಗೆ ಎರಡೋ ನಾಲ್ಕೋ ಕರೆಂಟಿನ ಮಗ್ಗ. ಬೆಳಗಾದರೆ ಖಟಖಟ ಶುರು. ಬೇರೆ ಊರಿನ ನೆಂಟರು ಕಿವಿ ಮುಚ್ಚಿಕೊಳ್ಳುತ್ತಾರೆ. ನಮಗೆ ಆ ಸಪ್ಪಳ ಕೇಳುವುದೇ ಇಲ್ಲ. ಅದು ನಿಂತಾಗ ಮಾತ್ರ ಕೇಳುತ್ತದೆ. ಎಲ್ಲರ ಮಗ್ಗವೂ ನಿಂತರೆ ಕರೆಂಟು ಹೋಗಿದೆ ಎಂದು ತಿಳಿಯಬೇಕು. ಹಾಡುಹಗಲು ಒಂದೇ ಮನೆಯ ಮಗ್ಗ ನಿಂತರೆ ಆ ಮನೆಯಲ್ಲಿ ಯಾರೋ ಹೋದರೆಂದು ಲೆಕ್ಕ.

ನನ್ನ ಮಗ ಮಲ್ಲೇಶಿಗೆ ನಲವತ್ತು ದಾಟಿದೆ, ಹೊಟ್ಟೆಯೂ ಬಂದಿದೆ. ಮಗ್ಗ ನಡೆಸುವವಳು ಸೊಸೆ ಶಾಂತಾ. ಇವನು ಪೇಟೆಯ ಅಂಗಡಿಯಿಂದ ಹೊಸ ಮೊಬೈಲುಗಳನ್ನು ಒಂದು ದಿನದ ಮಟ್ಟಿಗೆ ಇಸಿದುಕೊಂಡು ಬಂದು, ಡಬ್ಬಿ ಬಿಚ್ಚಿ, ನಮ್ಮ ಮಾತಿನಲ್ಲಿ ಅದರ ಗುಣದೋಷ ಹೇಳಿ ಇಂಟರ್‌ನೆಟ್ಟಿಗೆ ಬಿಡುತ್ತಾನೆ. ನೋಡುವವರು ಇದ್ದಾರೆ. ಅವರೆಲ್ಲ ಅವನನ್ನು ‘ಮೊಬೈಲ್ ಮಲ್ಲಣ್ಣ’ ಎನ್ನುತ್ತಾರೆ. ಒಂದು ಬ್ಯಾಟರಿ ಸಂಜೆಯವರೆಗೆ ಬರುತ್ತದೋ ಇಲ್ಲವೋ ಎಂದು ಅರ್ಧ ದಿನ ಜಗಳಾಡುತ್ತಾರೆ, ಆಮೇಲೆ ಒಬ್ಬರಿಗೊಬ್ಬರು ಶುಭರಾತ್ರಿ ಹೇಳಿ ಮಲಗುತ್ತಾರೆ. ದುಬೈಯಿಂದ ಒಬ್ಬನು ‘ಅಣ್ಣಾ, ನೀವು ಹೇಳದ ಹೊರತು ನಾನು ಚಾರ್ಜರ್ ಸಹ ಕೊಳ್ಳುವುದಿಲ್ಲ’ ಎಂದು ಬರೆದದ್ದನ್ನು ನನಗೆ ಓದಿ ತೋರಿಸಿದ್ದ. ಮನೆಗೆ ಎಣ್ಣೆ ತಾ ಎಂದು ಮೂರು ಸಲ ಹೇಳಬೇಕಾದವನ ಮಾತಿಗೆ ಅಷ್ಟು ಬೆಲೆ!

ಒಮ್ಮೆ ಅವನ ಜೊತೆ ಜಮಖಂಡಿಗೆ ಹೋಗಿದ್ದೆ. ಮಂದಿ ಮುತ್ತಿಕೊಂಡಾರೆಂದು ಟೋಪಿ, ಕಪ್ಪು ಕನ್ನಡಕ ಹಾಕಿಕೊಂಡಿದ್ದ. ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಇವನನ್ನೇ ನೋಡುತ್ತಾ ಹತ್ತಿರ ಬಂದ. ಮಲ್ಲೇಶಿ ಕನ್ನಡಕ ತೆಗೆದು ನಗಲು ತಯಾರಾದ.

“ಯಣ್ಣಾ, ಸಾವಳಗಿ ಬಸ್ ಹೋತೇನ್ರಿ?”

“ಹೋತು,” ಎಂದ ನನ್ನ ಮಗ.

ನಾನು ನಕ್ಕೆ. ಆದರೆ ನಕ್ಕವಳಿಗೂ ವಿಚಾರ ಬಂತು. ಹೆಸರು ಅನ್ನುವುದಕ್ಕೆ ಎಲ್ಲ ಕಡೆಯೂ ಒಂದು ಬೇಲಿ ಇದ್ದೇ ಇರುತ್ತದೆ. ಮುಧೋಳದ ನಾಯಿ ದೇಶಕ್ಕೆಲ್ಲ ದೊಡ್ಡ ಹೆಸರು. ಮುಧೋಳದಲ್ಲಿ ಅದನ್ನು ಬಾಗಿಲಿಗೆ ಅಡ್ಡ ಮಲಗಿದೆ ಎಂದು ಗದರಿಸಿ ಎಬ್ಬಿಸುತ್ತಾರೆ. ನನ್ನ ಅಪ್ಪ ಬೀಳಗಿ ಕಡೆಯ ಹಳ್ಳಿಯವನು, ಭಜನೆ ಹಾಡುವವನು. ಸುತ್ತಲ ನಾಲ್ಕು ಊರಲ್ಲಿ ಅವನಿಗೆ ಎದ್ದು ಜಾಗ ಕೊಡುತ್ತಿದ್ದರು, ಐದನೆಯ ಊರಲ್ಲಿ ನೀರು ಕೇಳಿದರೂ ಕೊಡುತ್ತಿರಲಿಲ್ಲ. ಆ ನಾಲ್ಕು ಊರೂ ಈಗ ಆಣೆಕಟ್ಟಿನ ಹಿನ್ನೀರಿನಲ್ಲಿವೆ. ಮೀನಿಗೆ ಭಜನೆಯ ರುಚಿ ಇದ್ದರೆ ಅಪ್ಪನ ಹೆಸರು ಇನ್ನೂ ಇದ್ದೀತು.

ಇಷ್ಟಕ್ಕೇ ನಿಂತಿದ್ದರೆ ನನ್ನದೇನೂ ತಕರಾರಿರಲಿಲ್ಲ. ಒಂದು ದಿನ ಊಟಕ್ಕೆ ಕೂತಾಗ ಮಲ್ಲೇಶಿ ವಿಷಯ ತೆಗೆದ.

“ಅವ್ವಾ, ಮಗ್ಗ ಮಾರಿ ಬಿಡೂನು. ಸಪ್ಪಳದಾಗ ನನ್ನ ಮಾತ ಕೇಳಂಗಿಲ್ಲ ಅಂತಾರ ಮಂದಿ. ಆ ಖೋಲಿ ನನಗ ಬೇಕು. ದಲಾಲಿಗೆ ಹೇಳೇನಿ, ನಾಡಿದ್ದ ಮುಂಜಾನೆ ನೋಡಾಕ ಬರತಾನ.”

“ಶಾಂತಾನ ಕೇಳಿದೇನು?”

“ಆಕಿಗೂ ಆರಾಮ ಆಗತೈತಿ ತಗೋ.”

ಒಲೆಯ ಮುಂದೆ ರೊಟ್ಟಿ ಬಡಿಯುವ ಕೈ ನಿಂತಿತು. ಗಂಡನ ಮೇಲೆ ಸಿಟ್ಟು ಬಂದರೆ ಶಾಂತಾ ನನ್ನ ಜೊತೆ ಮಾತಾಡುತ್ತಾಳೆ.

“ಅತ್ತಿ, ಅವರಿಗೆ ಹೇಳ್ರಿ. ನನಗ ಆರಾಮ ಬ್ಯಾಡ, ಮಗ್ಗ ಬೇಕು. ನಾಳಿ ನನ್ನ ಕೈಯಾಗ ಏನಿರತೈತಿ? ಇವರ ಮೊಬೈಲಿನ ಖಾಲಿ ಡಬ್ಬಿ?”

ಮಲ್ಲೇಶಿ ಬಾಯಿ ತುಂಬ ರೊಟ್ಟಿ ಇಟ್ಟುಕೊಂಡ.

ಮರುದಿನ ಮಧ್ಯಾಹ್ನ, ಶಾಂತಾ ಮಗ್ಗ ನಡೆಯಲು ಬಿಟ್ಟು ನೂಲು ತರಲು ಹೋದ ಹೊತ್ತು ನೋಡಿ, ಅವನು ಎರಡೂ ಮಗ್ಗ ನಿಲ್ಲಿಸಿದ. ಮೂರು ಕಾಲಿನ ಸ್ಟ್ಯಾಂಡಿಗೆ ಮೊಬೈಲ್ ಸಿಕ್ಕಿಸಿ ಲೈವ್ ಶುರು ಮಾಡಿದ. ನಾನು ಒಳಗೆ ನೊಣದ ಕಾಟಕ್ಕೆ ಮುಖದ ತುಂಬ ಚಾದರ ಹೊದ್ದು ಮಲಗಿದ್ದೆ.

ಮೊದಲು ಬಂದವಳು ಎದುರುಮನೆಯ ಗಂಗವ್ವ. ಹಿತ್ತಲ ಬಾಗಿಲಿಂದ ಬಂದು ಚಾದರ ನೋಡಿದಳು, ಕೂತಳು, ಹಾಡಿ ಅಳತೊಡಗಿದಳು. “ಹೋದೇನ ನನ್ನವ್ವಾ! ಬಂಗಾರದಂಥಾ ಹೆಂಗಸ! ಕೈಯೆತ್ತಿ ಕೊಡಾಕಿ!” ನನಗೆ ಆಗಲೇ ಎಚ್ಚರವಾಗಿತ್ತು. ಆದರೆ ಗಂಗವ್ವನ ಬಾಯಲ್ಲಿ ಇಂಥ ಮಾತು ಮತ್ತೆ ಸಿಗುವುದಿಲ್ಲವೆಂದು ಸುಮ್ಮನೆ ಕೇಳುತ್ತಾ ಮಲಗಿದೆ. “ಒಬ್ಬರಿಗೂ ಒಂದ ಕೆಟ್ಟ ಮಾತ ಆಡಲಿಲ್ಲವ್ವಾ!” ಎಂದಾಗ ಮಾತ್ರ ತಡೆಯಲಾಗಲಿಲ್ಲ. ಚಾದರ ಸರಿಸಿದೆ.

“ಸುಳ್ಳ ಯಾಕ ಹೇಳತಿ ಬೇ ಗಂಗವ್ವಾ? ಮೊನ್ನೆ ನಿನಗ ಬೈದದ್ದ ಮರತೇನು?”

ಗಂಗವ್ವ ಕೂತಲ್ಲೇ ಹಿಂದಕ್ಕೆ ಬಿದ್ದಳು.

ಹೊರಗೆ ಮಗ್ಗದ ಖೋಲಿಯಲ್ಲಿ ಬೇರೆಯೇ ನಡೆದಿತ್ತು. ಅವಳ ಅಳು ಕೇಳಿ ಓಣಿಗೆ ಓಣಿಯೇ ಬಾಗಿಲಲ್ಲಿ ನಿಂತಿತ್ತು. ಒಬ್ಬನ ಕೈಯಲ್ಲಿ ಹೂವಿನ ಮಾಲೆಯೂ ಇತ್ತು. ಮಲ್ಲೇಶಿಯ ಕಿವಿಯಲ್ಲಿ ವೈರು. ಅಳು ಕೇಳಿಸಿರಲಿಲ್ಲ, ಮಂದಿ ಮಾತ್ರ ಕಂಡರು. ಕಡೆಗೂ ತನ್ನ ಹೆಸರು ಸ್ವಂತ ಓಣಿಗೆ ಬಂತೆಂದು ತಿಳಿದ. ಹಲ್ಲು ಕಿಸಿದು, ಕೈ ಮುಗಿದು, “ಬರ್ರಿ ಬರ್ರಿ, ಎಲ್ಲಾರೂ ಒಳಗ ಬರ್ರಿ!” ಎಂದ. ಮಾಲೆ ತಂದವನ ಮುಂದೆ ಕೊರಳನ್ನೂ ಬಾಗಿಸಿದನಂತೆ.

“ತಾಯಿ ಸತ್ತರ ನಗತೀಯಲ್ಲೋ ಭಾಡ್ಯಾ!” ಎಂದು ಒಬ್ಬರು ಬೈದಾಗಲೇ ಅವನು ವೈರು ಕಿತ್ತು, ಲೈವ್ ಇದ್ದ ಮೊಬೈಲನ್ನು ಕೈಯಲ್ಲಿ ಹಿಡಿದುಕೊಂಡೇ ಒಳಗೆ ಓಡಿ ಬಂದದ್ದು. ನಾನು ಬದುಕಿರುವುದನ್ನು ನೋಡಿ ಅತ್ತ. ಅದನ್ನೂ ದುಬೈಯವನು ನೋಡಿದ.

ಸಂಜೆ ಮಂದಿಯೆಲ್ಲ ಚಹಾ ಕುಡಿದು ಹೋದರು. ಮಲ್ಲೇಶಿ ನನ್ನ ಪಕ್ಕ ಬಂದು ಕೂತ.

“ಅವ್ವಾ, ಅಷ್ಟ ಮಂದಿ ನನ್ನ ಸಲುವಾಗಿ ಬಂದಾರ ಅಂತ ತಿಳಕೊಂಡ್ನಿ.”

“ನನ್ನ ಸಲುವಾಗಿನೂ ಬಂದಿದ್ದಿಲ್ಲ ತಗೋ. ಮಗ್ಗ ನಿಂತೈತಿ ಅಂತ ಬಂದಿದ್ರು. ಈ ಓಣ್ಯಾಗ ನಮ್ಮನ್ಯಾಗ ಹೆಸರಿರೂದು ಅದಕ್ಕ ಒಂದಕ್ಕ.”

“ದಲಾಲಿ ನಾಳಿ ಬರತಾನಲ್ಲ” ಎಂದ ಮಲ್ಲೇಶಿ.

“ಬರಲಿ.”

ಮರುದಿನ ಬೆಳಗ್ಗೆ ಎದ್ದವಳೇ ಅವನ ಮೂರು ಕಾಲಿನ ಸ್ಟ್ಯಾಂಡನ್ನು ಮಾಳಿಗೆಗೆ ಒಯ್ದಿಟ್ಟೆ. ಅಲ್ಲಿ ಗಾಳಿ ಬೆಳಕು ಚೆನ್ನಾಗಿದೆ, ಸಪ್ಪಳವೂ ಕಡಿಮೆ. ನನಗೆಂದು ತಂದ ಮಾಲೆ ಬಾಡುವ ಮೊದಲು ಅದಕ್ಕೇ ಹಾಕಿದೆ. ಕೆಳಗಿಳಿದು ಶಾಂತಾಳನ್ನು ಕರೆದು ಎರಡೂ ಮಗ್ಗದ ಬಟನ್ ಒತ್ತಿದೆ. ಆಮೇಲೆ ಓಣಿಗೆಲ್ಲ ಕಾಣುವ ಹಾಗೆ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದಾಗ ದಲಾಲಿ ಬಂದ. ಏನೋ ಕೇಳಿದ. ಮಗ್ಗದ ಸಪ್ಪಳದಲ್ಲಿ ಏನೂ ಕೇಳಿಸುತ್ತಿಲ್ಲವೆಂದು ಕಿವಿ ಮುಟ್ಟಿ ತೋರಿಸಿದೆ. ಅವನು ಹೋಗುವವರೆಗೂ ತೋರಿಸುತ್ತಲೇ ಇದ್ದೆ.